ಸಸ್ಯಲೋಕದ ಹಾಡು: ಸ್ಟೀವಿ ವಂಡರ್ ಎಡವಿದ್ದೆಲ್ಲಿ?

ಅಮೆರಿಕದ ಮೋಟೌನ್ ಧ್ವನಿಮುದ್ರಣ ಸಂಸ್ಥೆ 1979ರ ಅಕ್ಟೋಬರ್ ಕೊನೆಯಲ್ಲಿ ಸ್ಟೀವಿ ವಂಡರ್ ಅವರ ಹೊಸ ಆಲ್ಬಂ ಒಂದನ್ನು ಮಾರುಕಟ್ಟೆಗೆ ಬಿಟ್ಟಿತು. ಎರಡು ತಟ್ಟೆಗಳ ಆ ಆಲ್ಬಂನ ಹತ್ತು ಲಕ್ಷ ಪ್ರತಿಗಳು ಸಿದ್ಧವಾಗಿದ್ದವು. ಅದರಲ್ಲಿ ಒಂಬತ್ತು ಲಕ್ಷ ಹೆಚ್ಚಾಯಿತು ಎಂದು ಸಂಸ್ಥೆಯ ಸ್ಥಾಪಕ ಬೆರ್ರಿ ಗಾರ್ಡಿ ಮುಂದೆ ಹೇಳಿಕೊಂಡರು. ‘ಜರ್ನಿ ಥ್ರೂ ದ ಸೀಕ್ರೆಟ್ ಲೈಫ್ ಆಫ್ ಪ್ಲಾಂಟ್ಸ್’, ಅಂದರೆ ಸಸ್ಯಗಳ ಗುಪ್ತ ಜೀವನದೊಳಗೊಂದು ಪಯಣ ಎಂಬ ಈ ಆಲ್ಬಂ, ದೊಡ್ಡ ಗಾಯಕನೊಬ್ಬ ಎಡವಿದ ಜಾಗ ಎಂದೇ ಬಹುಕಾಲ ಹೆಸರಾಯಿತು. ಆ ತೀರ್ಪು ಎಷ್ಟರಮಟ್ಟಿಗೆ ಸರಿ?

ಎಡವಿದವರು ಎಷ್ಟು ಎತ್ತರದಲ್ಲಿದ್ದರು ಎಂಬುದನ್ನು ಮೊದಲು ನೋಡಬೇಕು. ಮಿಷಿಗನ್ ರಾಜ್ಯದಲ್ಲಿ 1950ರಲ್ಲಿ ಅವಧಿಗೆ ಮುನ್ನ ಹುಟ್ಟಿದ ಸ್ಟೀವಿ, ಶಿಶುವಾಗಿದ್ದಾಗಲೇ ದೃಷ್ಟಿ ಕಳೆದುಕೊಂಡರು. ಹನ್ನೊಂದರ ವಯಸ್ಸಿಗೆ ಮೋಟೌನ್ ಸೇರಿದರು. 1963ರಲ್ಲಿ, ಹದಿಮೂರರ ಬಾಲಕನಾಗಿದ್ದಾಗಲೇ, ಅವರ ‘ಫಿಂಗರ್‌ಟಿಪ್ಸ್’ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಇಪ್ಪತ್ತೊಂದು ತುಂಬಿದಾಗ ಸಂಸ್ಥೆಯೊಡನೆ ಹೊಸ ಕರಾರು ಮಾಡಿಕೊಂಡು, ತಮ್ಮ ಸಂಗೀತದ ಮೇಲಿನ ಹಿಡಿತವನ್ನು ತಾವೇ ಪಡೆದರು. ಅಲ್ಲಿಂದ ಮುಂದಿನದು ಸುಗ್ಗಿಯ ಕಾಲ. ‘ಇನ್ನರ್‌ವಿಷನ್ಸ್’ (1973), ‘ಫುಲ್‌ಫಿಲಿಂಗ್‌ನೆಸ್ ಫಸ್ಟ್ ಫಿನಾಲೆ’ (1974), ‘ಸಾಂಗ್ಸ್ ಇನ್ ದ ಕೀ ಆಫ್ ಲೈಫ್’ (1976) – ಈ ಮೂರಕ್ಕೂ ವರ್ಷದ ಅತ್ಯುತ್ತಮ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿ ಬಂತು. ನಡುವೆ 1976ರಲ್ಲಿ ಅದೇ ಪ್ರಶಸ್ತಿ ಪಡೆದ ಪಾಲ್ ಸೈಮನ್, ಆ ವರ್ಷ ಆಲ್ಬಂ ಹೊರತರದೇ ಇದ್ದುದಕ್ಕಾಗಿ ಸ್ಟೀವಿ ವಂಡರ್ ಅವರಿಗೆ ವೇದಿಕೆಯ ಮೇಲೆಯೇ ತಮಾಷೆಯಾಗಿ ಕೃತಜ್ಞತೆ ಹೇಳಿದ್ದರು.

ಇಂಥ ಗಾಯಕ ಮೂರು ವರ್ಷ ಮೌನವಾಗಿದ್ದು ಮತ್ತೆ ಬಾಯಿ ತೆರೆದಾಗ ಜನ ಕುಣಿಯುವ, ಗುನುಗುವ ಹಾಡುಗಳನ್ನು ನಿರೀಕ್ಷಿಸಿದ್ದರಲ್ಲಿ ತಪ್ಪೇನಿಲ್ಲ. ಅವರಿಗೆ ಸಿಕ್ಕಿದ್ದು ಸಾಕ್ಷ್ಯಚಿತ್ರವೊಂದರ ಹಿನ್ನೆಲೆ ಸಂಗೀತ. ಒಟ್ಟು ಇಪ್ಪತ್ತು ಭಾಗಗಳು, ಸುಮಾರು ಒಂದೂವರೆ ಗಂಟೆ. ಅನೇಕ ಭಾಗಗಳಲ್ಲಿ ಮಾತೇ ಇಲ್ಲ, ಬರೀ ವಾದ್ಯ. ಭೂಮಿಯ ಹುಟ್ಟಿನಿಂದ ಆರಂಭವಾಗಿ ಮೊದಲ ತೋಟ, ಕೀಟ ಹಿಡಿಯುವ ಗಿಡ, ಋತುಗಳ ಸರದಿ ಹೀಗೆ ಸಾಗುತ್ತದೆ. ಒಂದೆಡೆ ಜಪಾನಿ ಭಾಷೆಯಲ್ಲಿ ಮಕ್ಕಳು ಹಾಡುತ್ತಾರೆ. ಇನ್ನೊಂದೆಡೆ ಪಶ್ಚಿಮ ಆಫ್ರಿಕದ ಬಂಬಾರಾ ನುಡಿ ಕೇಳುತ್ತದೆ. ‘ವಾಯೇಜ್ ಟು ಇಂಡಿಯಾ’ ಎಂಬ ಭಾಗದಲ್ಲಿ ಸಿತಾರ್ ನಾದವಿದೆ.

ಚಿತ್ರದ ನಿರ್ದೇಶಕ ವಾಲನ್ ಗ್ರೀನ್. ಅದಕ್ಕೆ ಆಧಾರ, ಪೀಟರ್ ಟಾಂಪ್‌ಕಿನ್ಸ್ ಮತ್ತು ಕ್ರಿಸ್ಟೋಫರ್ ಬರ್ಡ್ 1973ರಲ್ಲಿ ಬರೆದ ಪುಸ್ತಕ. ಕಣ್ಣಿಲ್ಲದವರು ಸಿನಿಮಾಕ್ಕೆ ಸಂಗೀತ ಕೂರಿಸುವುದಾದರೂ ಹೇಗೆ? ಅದಕ್ಕೊಂದು ಉಪಾಯ ಹೂಡಲಾಯಿತು. ಪರದೆಯ ಮೇಲೆ ಏನು ನಡೆಯುತ್ತಿದೆ ಎಂಬುದನ್ನು ನಿರ್ಮಾಪಕ ಮೈಕೆಲ್ ಬ್ರೌನ್ ಒಂದು ಕಿವಿಯಲ್ಲಿ ವಿವರಿಸುತ್ತಿದ್ದರು. ದೃಶ್ಯ ಎಷ್ಟು ಹೊತ್ತು ಉಳಿಯುತ್ತದೆ ಎಂಬ ಲೆಕ್ಕವನ್ನು ಧ್ವನಿ ತಂತ್ರಜ್ಞ ಗ್ಯಾರಿ ಒಲಾಜಾಬಾಲ್ ಇನ್ನೊಂದು ಕಿವಿಯಲ್ಲಿ ಎಣಿಸುತ್ತಿದ್ದರು. ಈ ಎರಡು ದನಿಗಳ ನಡುವೆ ಸ್ಟೀವಿ ವಂಡರ್ ಹೂವು ಅರಳುವುದನ್ನು ಸ್ವರದಲ್ಲಿ ಹಿಡಿಯಬೇಕಿತ್ತು.

ಉಪಕರಣಗಳೂ ಹೊಸವು. ಪಾಪ್ ಸಂಗೀತದಲ್ಲಿ ಡಿಜಿಟಲ್ ಧ್ವನಿಮುದ್ರಣ ಬಳಸಿದ ಮೊದಮೊದಲ ಆಲ್ಬಂಗಳಲ್ಲಿ ಇದೂ ಒಂದು. ಲೋಕದ ಯಾವುದೇ ಸದ್ದನ್ನು ಹಿಡಿದಿಟ್ಟುಕೊಂಡು ಕೀಲಿಮಣೆಯ ಮೇಲೆ ನುಡಿಸುವ ‘ಸ್ಯಾಂಪ್ಲರ್’ ಯಂತ್ರವನ್ನೂ ಅವರು ಇಲ್ಲಿ ಬಳಸಿದರು. ಮುಂದಿನ ದಶಕದಲ್ಲಿ ಆ ಯಂತ್ರ ಸ್ಟುಡಿಯೋಗಳಲ್ಲಿ ಸಾಮಾನ್ಯವಾಯಿತು. ಆಗ ಅದು ಇನ್ನೂ ಅಪರೂಪ.

ಭಾರತೀಯ ಓದುಗರಿಗೆ ಈ ಆಲ್ಬಂನಲ್ಲಿ ಹತ್ತಿರದ ನಂಟೊಂದಿದೆ. ‘ಸೇಮ್ ಓಲ್ಡ್ ಸ್ಟೋರಿ’ ಎಂಬ ಹಾಡು ಇಬ್ಬರು ವಿಜ್ಞಾನಿಗಳನ್ನು ಕುರಿತದ್ದು. ಒಬ್ಬರು ಜಗದೀಶಚಂದ್ರ ಬೋಸ್. ಸಸ್ಯಗಳೂ ಪ್ರಚೋದನೆಗೆ ವಿದ್ಯುತ್ ಸ್ಪಂದನದ ಮೂಲಕ ಉತ್ತರಿಸುತ್ತವೆ ಎಂದು ಅವರು 1901ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತೋರಿಸಿದಾಗ, ಅಲ್ಲಿನ ಶರೀರಕ್ರಿಯಾ ವಿಜ್ಞಾನಿಗಳು ಒಪ್ಪಲಿಲ್ಲ. ಅದೇ ಸೊಸೈಟಿ 1920ರಲ್ಲಿ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿಕೊಂಡಿತು. ಇನ್ನೊಬ್ಬರು ಜಾರ್ಜ್ ವಾಷಿಂಗ್ಟನ್ ಕಾರ್ವರ್. ಗುಲಾಮಗಿರಿಯಲ್ಲಿ ಹುಟ್ಟಿದ ಈ ಕಪ್ಪು ಅಮೆರಿಕನ್, ಹತ್ತಿ ಬೆಳೆದು ಬೆಳೆದು ಸಾರ ಕಳೆದುಕೊಂಡಿದ್ದ ನೆಲಕ್ಕೆ ಕಡಲೆಕಾಯಿ, ಸಿಹಿಗೆಣಸು ಹಾಕುವಂತೆ ದಕ್ಷಿಣದ ಬಡ ರೈತರಿಗೆ ಕಲಿಸಿದವರು. ಪರಾಧೀನ ದೇಶದ ಒಬ್ಬ, ವರ್ಣಭೇದದಿಂದ ನೊಂದ ಇನ್ನೊಬ್ಬ. ಹೇಳಿದ್ದನ್ನು ಲೋಕ ನಂಬದಿದ್ದಾಗಲೂ ಪಟ್ಟು ಬಿಡದವರು. ಡೆಟ್ರಾಯ್ಟ್‌ನಲ್ಲಿ ಬೆಳೆದ ಕಪ್ಪು ಗಾಯಕನೊಬ್ಬ ಕಲ್ಕತ್ತದ ವಿಜ್ಞಾನಿಯನ್ನು ತನ್ನವನೆಂದು ಕಂಡದ್ದು ಆ ಕಾಲದ ಪಾಪ್ ಸಂಗೀತದಲ್ಲಿ ಸಣ್ಣ ಮಾತಲ್ಲ.

ಹಾಗೆಂದು ಮೂಲ ಪುಸ್ತಕ ಹೇಳಿದ್ದೆಲ್ಲ ವಿಜ್ಞಾನವಲ್ಲ. ಗಿಡಕ್ಕೆ ಸುಳ್ಳುಪತ್ತೆ ಯಂತ್ರ ಕಟ್ಟಿ, ಅದು ಮನುಷ್ಯನ ಮನಸ್ಸನ್ನೇ ಅರಿಯುತ್ತದೆ ಎಂದ ಕ್ಲೀವ್ ಬ್ಯಾಕ್‌ಸ್ಟರ್ ಅವರ ವಾದವನ್ನು ಅದು ಮೆರೆಸಿತ್ತು. ಬೇರೆ ವಿಜ್ಞಾನಿಗಳು ಅವರ ಪ್ರಯೋಗವನ್ನು ಎಚ್ಚರಿಕೆಯಿಂದ ಮಾಡಿನೋಡಿದಾಗ ಅಂಥ ಫಲಿತಾಂಶ ಸಿಗಲಿಲ್ಲ. 1975ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ಆ ವರದಿ ಬಂದಿತ್ತು. ಬೋಸ್ ಅಳೆದದ್ದು ಸಸ್ಯದೊಳಗಿನ ವಿದ್ಯುತ್ತನ್ನು, ಮನೋಗತವನ್ನಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಬೋಸರಿಗೆ ಮಾಡುವ ಅನ್ಯಾಯ.

ಆಲ್ಬಂನ ದೋಷಗಳನ್ನೂ ಮುಚ್ಚಿಡಬೇಕಿಲ್ಲ. ಅಭಿಮಾನಿಯೂ ಒಪ್ಪುವಂತೆ ಅದು ತೀರಾ ಉದ್ದ. ‘ರೇಸ್ ಬ್ಯಾಬ್ಲಿಂಗ್’ ಎಂಟು ನಿಮಿಷಕ್ಕೂ ಮೀರಿ ಒಂದೇ ಲಯದಲ್ಲಿ ಸುತ್ತುತ್ತದೆ. ಭಾವುಕತೆ ಅಲ್ಲಲ್ಲಿ ಅತಿಯಾಗಿದೆ. ಎಲ್ಲಕ್ಕಿಂತ ದೊಡ್ಡ ತೊಡಕು, ಚಿತ್ರವೇ ಜನರ ಮುಂದೆ ಬರದೆ ಹೋದದ್ದು. ಸಾಕ್ಷ್ಯಚಿತ್ರ ಚಿತ್ರಮಂದಿರಗಳಲ್ಲಿ ಹೆಚ್ಚು ಕಾಣಿಸಿಕೊಳ್ಳಲಿಲ್ಲ. ದೃಶ್ಯಕ್ಕೆಂದು ಅಳೆದು ಹೊಲಿದ ಸಂಗೀತ ದೃಶ್ಯವಿಲ್ಲದೆ ಅಂಗಡಿಗೆ ಬಂತು. ಮೊಗ್ಗು ಬಿರಿಯುವ ಚಿತ್ರ ಎದುರಿಗಿದ್ದಿದ್ದರೆ ಸಹಜವಾಗಿ ಕೇಳಿಸುತ್ತಿದ್ದ ನಿಧಾನಗತಿ, ಬರೀ ಕಿವಿಗೆ ಎಳೆದಾಟವೆನಿಸಿತು. ಕಾಣದ ಚಿತ್ರವನ್ನು ಊಹಿಸಿ ನುಡಿಸಿದವರ ಸ್ಥಿತಿಯೇ ಕೇಳುಗರಿಗೂ ಒದಗಿತು. ವ್ಯತ್ಯಾಸವಿಷ್ಟೇ: ಅವರಿಗೆ ವಿವರಿಸುವ ದನಿಗಳಿದ್ದವು, ಇವರಿಗಿರಲಿಲ್ಲ.

ಆದರೂ ಪೂರ್ತಿ ಸೋಲು ಎನ್ನುವುದು ಲೆಕ್ಕಕ್ಕೆ ಹೊಂದದು. ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನ ತಲುಪಿತು. ಅದರ ‘ಸೆಂಡ್ ಒನ್ ಯುವರ್ ಲವ್’ ಹಾಡೂ ನಾಲ್ಕನೆಯ ಸ್ಥಾನಕ್ಕೇರಿತು. ಗಾಯಕಿ ಸಿರೀಟಾ ಹಾಡಿದ ‘ಕಮ್ ಬ್ಯಾಕ್ ಆ್ಯಸ್ ಎ ಫ್ಲವರ್’ ಇಂದಿಗೂ ಕೇಳುವಂತಿದೆ. ಎಷ್ಟೋ ವರ್ಷಗಳ ನಂತರ, 2002ರಲ್ಲಿ, ಗಾಯಕಿ ಇಂಡಿಯಾ ಏರಿ ತಮ್ಮ ಆಲ್ಬಂಗೆ ‘ವಾಯೇಜ್ ಟು ಇಂಡಿಯಾ’ ಎಂದೇ ಹೆಸರಿಟ್ಟರು.

ಮರುವರ್ಷವೇ, 1980ರಲ್ಲಿ, ‘ಹಾಟರ್ ದ್ಯಾನ್ ಜುಲೈ’ ಮೂಲಕ ಸ್ಟೀವಿ ವಂಡರ್ ಜನರ ನಡುವೆ ಮರಳಿದರು. ಮಾರ್ಟಿನ್ ಲೂಥರ್ ಕಿಂಗ್ ಜನ್ಮದಿನವನ್ನು ರಾಷ್ಟ್ರೀಯ ರಜೆಯಾಗಿಸಬೇಕೆಂಬ ಚಳವಳಿಗೆ ಅದರಲ್ಲಿನ ‘ಹ್ಯಾಪಿ ಬರ್ತ್‌ಡೇ’ ದನಿಯಾಯಿತು. 1983ರಲ್ಲಿ ಆ ಕಾಯ್ದೆಯೂ ಬಂತು. ಗೆಲುವಿನ ಸೂತ್ರ ಅವರಿಗೆ ಗೊತ್ತಿಲ್ಲದೆ ಇರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. 1979ರಲ್ಲಿ ಅವರು ಆ ಸೂತ್ರವನ್ನು ಬದಿಗಿಟ್ಟು ಬೇರೇನನ್ನೋ ಹುಡುಕಲು ಹೊರಟಿದ್ದರು. ಹುಡುಕಿದ್ದೆಲ್ಲ ಸಿಗಲಿಲ್ಲ. ಸಿಕ್ಕಷ್ಟನ್ನು ಕೇಳಲು ಇಡೀ ಒಂದೂವರೆ ಗಂಟೆ ಕೂರಬೇಕಿಲ್ಲ. ಬೋಸ್ ಮತ್ತು ಕಾರ್ವರ್ ಅವರ ಹಾಡಿನಿಂದ ಆರಂಭಿಸಿದರೆ ಸಾಕು.