ದಂಡು, ದೊರೆತನ ಮತ್ತು ವಾಣಿಜ್ಯ: ಚಿತ್ರದುರ್ಗ ಸೀಮೆಯ ಕಾವಲುಗಳ ಇತಿಹಾಸ

ಶ್ರಾವಕನು ಪಾಲಿಸಬೇಕಾದ ಅಹಿಂಸಾಣುವ್ರತಕ್ಕೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಅತಿಭಾರಾರೋಪಣವೂ ಒಂದು; ಎಂದರೆ ಮೂಕಪ್ರಾಣಿಯ ಮೇಲೆ ಅದು ಹೊರಲಾರದ ಹೊರೆಯನ್ನು ಹೇರುವುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ ಎಂಬುದೊಂದಿದೆ. ರಾಜ್ಯದಲ್ಲಿ ವಿಪ್ಲವವಾದ ಸಮಯ ನೋಡಿ ಬೆಲೆಬಾಳುವ ವಸ್ತುವನ್ನು ಅಗ್ಗಕ್ಕೆ ಪಡೆಯುವ ಹವಣಿಕೆಯೆಂದು ಪೂಜ್ಯಪಾದರು ಅದನ್ನು ವಿವರಿಸುತ್ತಾರೆ. ಮೊದಲನೆಯದು ಗಾಡಿ ಹೊಡೆಯುವವನ ದೋಷ, ಎರಡನೆಯದು ಅಂಗಡಿಯವನ ದೋಷ ಎಂದು ಬೇರೆಬೇರೆಯಾಗಿ ಓದಿಕೊಳ್ಳುವುದು ರೂಢಿ. ಆದರೆ ಯುದ್ಧಕಾಲದಲ್ಲಿ ಎರಡೂ ಒಂದೇ ಎತ್ತಿನ ಬೆನ್ನ ಮೇಲೆ ಬಂದು ಕೂರುತ್ತವೆ. ಚಿತ್ರದುರ್ಗ ಸೀಮೆಯ ಇನ್ನೂರೈವತ್ತು ವರ್ಷಗಳ ಚರಿತ್ರೆಯನ್ನು ಆ ಎತ್ತಿನ ಹಿಂದೆ ನಡೆದು ನೋಡಬಹುದು.

ಈ ಸೀಮೆಯ ಊರುಗಳು ದಂಡಿನ ದಾರಿಯಲ್ಲಿಯೇ ಬೆಳೆದವು. ನಾಯಕ ಮನೆತನದ ಮೂಲಪುರುಷನಾದ ತಿಮ್ಮಣ್ಣನಾಯಕನಿಗೆ ವಿಜಯನಗರದ ಅರಸರಿಂದ ಮೊದಲು ಹೊಳಲ್ಕೆರೆ, ಬಳಿಕ ಹಿರಿಯೂರು, ಅನಂತರ ಚಿತ್ರದುರ್ಗದ ನಾಯಕತನ ದೊರೆಯಿತು. ಹೊಸದುರ್ಗದ ಬೆಟ್ಟದ ಕೋಟೆಯನ್ನು 1675ರಲ್ಲಿ ಚಿಕ್ಕಣ್ಣನಾಯಕನು ಕಟ್ಟಿಸಿದನು. ಮರುವರ್ಷವೇ ಕೆಳಗಿನ ಊರಿಗೂ ಕೋಟೆಯಾಯಿತು. (ಅದೇ ತಾಲ್ಲೂಕಿನ ಹೆಗ್ಗೆರೆಯ ಪಾರ್ಶ್ವನಾಥ ಬಸದಿ ಹೊಯ್ಸಳರ ಕಾಲದ್ದು, ಈ ಕೋಟೆಗಿಂತ ಸುಮಾರು ಐದು ಶತಮಾನ ಹಿರಿಯದು. ಯಾವ ಕೋಟೆಯ ಆಸರೆಯೂ ಇಲ್ಲದೆ ಅದು ನಿಂತಿದೆ.) ಪೇಟೆಗೆ ಕೋಟೆಯ ರಕ್ಷಣೆ ಬೇಕಾಗಿತ್ತು, ಕೋಟೆಯ ಕಾಲಾಳಿನ ಸಂಬಳಕ್ಕೆ ಪೇಟೆಯ ಸುಂಕ ಬೇಕಾಗಿತ್ತು. ದಾವಣಗೆರೆಯು ದೊಡ್ಡ ಪೇಟೆಯಾದದ್ದೂ ಹೈದರಾಲಿಯು ಅದನ್ನು ಅಪ್ಪಾಜಿರಾಮನೆಂಬ ಮರಾಠಾ ಸರದಾರನಿಗೆ ಜಾಗೀರು ಕೊಟ್ಟು, ಅವನು ವರ್ತಕರನ್ನು ಕರೆಸಿ ನೆಲೆಗೊಳಿಸಿದ ಮೇಲೆಯೇ.

ಕೋಟೆ ಒಂದೆಡೆ ನಿಲ್ಲುತ್ತದೆ, ಫಿರಂಗಿ ಚಲಿಸಬೇಕು. ಮೈಸೂರಿನ ಚಿಕ್ಕದೇವರಾಜ ಒಡೆಯರು (1672-1704) ಅರಮನೆಯ ಹಸುಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ಸ್ಥಾಪಿಸಿ, ಮೇವಿನ ಕಾವಲುಗಳನ್ನು ಅದಕ್ಕೆ ಬಿಟ್ಟುಕೊಟ್ಟಿದ್ದರು. ಹೈದರಾಲಿಯು ತಾನು ಗೆದ್ದ ಪಾಳೆಯಗಾರರ ದನಗಳನ್ನು ಈ ಹಿಂಡಿಗೆ ಸೇರಿಸಿದನು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ತಳಿಗಳು ಕೂಡಿ ಬೆಳೆದ ಈ ರಾಸುಗಳಿಗೆ ಟಿಪ್ಪುವು ‘ಅಮೃತಮಹಲ್’ ಎಂದು ಹೆಸರಿಟ್ಟನು. ಹೆಸರಿನಲ್ಲಿ ಮೊದಲು ಬೆಣ್ಣೆ, ಆಮೇಲೆ ಅಮೃತ. ಕೆಲಸ ಮಾತ್ರ ಮದ್ದುಗುಂಡಿನದು. ಈ ತಳಿಯ ಹಸುಗಳು ಕೊಡುವ ಹಾಲು ಅಲ್ಪ. ಅದೂ ಬಹುಮಟ್ಟಿಗೆ ಕರುವಿಗೇ ಮೀಸಲು. ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆಬೇರೆ ಕಾವಲುಗಳಿದ್ದವು. ನೆರಳೂ ಕೆರೆಯಂಗಳದ ಹಸಿರೂ ಇದ್ದ ಬೇಸಿಗೆಯ ಕಾವಲಿಗೆ ಹೆಚ್ಚಿನ ಬೆಲೆ. ಸೇರ್ವೆಗಾರರು ಹಿಂಡನ್ನು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಹೊಡೆಯುತ್ತಿದ್ದರು. ಈ ಎತ್ತುಗಳ ಬಲದಿಂದ ಹೈದರನು 1781ರಲ್ಲಿ ಚಿದಂಬರದ ನೆರವಿಗೆ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದನೆಂದು ಗೆಜೆಟಿಯರು ಹೇಳುತ್ತದೆ.

ಹುಲ್ಲುಗಾವಲನ್ನು ಹೀಗೆ ಆಯುಧಶಾಲೆಯ ಅಂಗವನ್ನಾಗಿ ಮಾಡಿಕೊಂಡ ರಾಜ್ಯದ ಎದುರು ನಾಯಕರ ಏಳು ಸುತ್ತಿನ ಕೋಟೆ ನಿಲ್ಲಬೇಕಾಯಿತು. ಕೊನೆಯ ಮದಕರಿನಾಯಕನು ಒಮ್ಮೆ ಹೈದರನ ಪರವಾಗಿ, ಇನ್ನೊಮ್ಮೆ ಮರಾಠರ ಪರವಾಗಿ ದಂಡು ಕಳುಹಿಸಿದನು. ಇಬ್ಬರಿಗೂ ಕಪ್ಪ ತೆತ್ತನು. 1779ರಲ್ಲಿ ದುರ್ಗ ಹೈದರನ ವಶವಾಯಿತು. ಸುಮಾರು ಇಪ್ಪತ್ತು ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರ ಬಾಲಕರಿಂದ ‘ಚೇಲಾ’ ಪಡೆಗಳು ಕಟ್ಟಲ್ಪಟ್ಟವು.

ಯುದ್ಧದ ಹೊರೆ ಯಾರ ಮೇಲೆ ಬಿತ್ತೆಂಬುದು 1791ರಲ್ಲಿ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಆ ವರ್ಷದ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದರೂ ಮುತ್ತಿಗೆ ಹಾಕಲಾಗಲಿಲ್ಲ. ಮೇವಿಲ್ಲದೆ ಎತ್ತುಗಳು ಸಾಯುತ್ತಿದ್ದವು. ಎಳೆಯುವ ಪ್ರಾಣಿಗಳಿಲ್ಲದ ಕಾರಣ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿಹಾಕಿ ಹಿಂದಿರುಗಿದನು. ದಾರಿಯಲ್ಲಿ ಮೇಲುಕೋಟೆಯ ಕಡೆ ಮರಾಠಾ ಸೈನ್ಯ ಎದುರಾಯಿತು. ಧಾರವಾಡದಿಂದ ಬಂದ ಪರಶುರಾಮ ಭಾವುವಿನ ದಂಡೂ ಅದರಲ್ಲಿತ್ತು. ಆ ದಂಡಿನ ಸಂಗಡ ಒಂದು ಪೇಟೆಯೇ ನಡೆದುಬಂದಿತ್ತು. ಲಂಬಾಣಿಗರ ಹೇರೆತ್ತುಗಳು ಹೊತ್ತು ತಂದ ಧಾನ್ಯವಲ್ಲದೆ ಬಗೆಬಗೆಯ ಸರಕು ಅಲ್ಲಿತ್ತು. ಹಸಿದ ಇಂಗ್ಲಿಷ್ ದಂಡಿಗೆ ಅದು ವಿಪರೀತ ಬೆಲೆಗೆ ಮಾರಾಟವಾಯಿತು. ಮಿತ್ರರ ಯುದ್ಧವೆಚ್ಚಕ್ಕಾಗಿ ಕಾರ್ನ್‌ವಾಲಿಸನು ಹನ್ನೆರಡು ಲಕ್ಷ ರೂಪಾಯಿ ಸಾಲವನ್ನೂ ಕೊಡಬೇಕಾಯಿತು. ಆ ಹಣಕ್ಕಾಗಿ, ಚೀನಾ ವ್ಯಾಪಾರಕ್ಕೆಂದು ಮದ್ರಾಸಿನ ರೇವಿಗೆ ಬಂದಿದ್ದ ಹಡಗುಗಳ ಬೆಳ್ಳಿಯನ್ನು ಇಳಿಸಿಕೊಳ್ಳಲಾಯಿತು. ಚಹಾ ಕೊಳ್ಳಬೇಕಾದ ಬೆಳ್ಳಿ ಮೈಸೂರು ಯುದ್ಧಕ್ಕೆ ಬಂದಿತು. ವರ್ತಕರ ಕಂಪನಿಯೇ ಸರಕಾರವೂ ಸೇನೆಯೂ ಆಗಿದ್ದ ಕಾರಣ ಇದಕ್ಕೆ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ.

ಆ ನಡೆಯುವ ಪೇಟೆಗೆ ಧಾನ್ಯ ಎಲ್ಲಿಂದ ಬಂದಿತು? ಕೊಂಡದ್ದೆಷ್ಟೋ, ದೋಚಿದ್ದೆಷ್ಟೋ, ಅದರ ಲೆಕ್ಕವನ್ನು ಯಾವ ಸರದಾರನೂ ಬರೆದಿಡಲಿಲ್ಲ. ಹಿರಿಯೂರಿನ ಗತಿಯನ್ನು ನೋಡಿದರೆ ಸಾಕು. ಸುಮಾರು ಎರಡು ಸಾವಿರ ಮನೆಗಳಿದ್ದ ಆ ಊರು ಹೈದರನ ಕಾಲದ ಕಾಳಗಗಳಲ್ಲಿ ನೊಂದಿತ್ತು. ಭಾವುವಿನ ದಂಡು ಹಾದುಹೋದ ಮೇಲೆ ಬಂದ ಕ್ಷಾಮ ಉಳಿದವರನ್ನೂ ನುಂಗಿತು. ಕಂಪನಿಯ ಅಪ್ಪಣೆಯಂತೆ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದನ್ನು ದಾಖಲಿಸಿದ್ದಾನೆ. ವೇದಾವತಿಯ ದಡದ ಬೆಳೆಗಾರನಿಗೆ ದಕ್ಕದ ಧಾನ್ಯವು ದಂಡಿನ ಪೇಟೆಯಲ್ಲಿ ಬೆಳ್ಳಿಯ ತೂಕಕ್ಕೆ ಹೋಗುವುದು. ವಿರುದ್ಧರಾಜ್ಯಾತಿಕ್ರಮಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಲಂಬಾಣಿಗರನ್ನು ಮಾತ್ರ ದೂರುವುದು ನ್ಯಾಯವಲ್ಲ. ಅವರು ಯಾವ ದಂಡು ಕರೆದರೂ ಹೋಗಿ, ಹೇರಿನ ಕೂಲಿಯಿಂದ ಬದುಕಿದವರು. ಲಾಭದ ಬಹುಭಾಗ ಬಂಡವಾಳ ಹೂಡಿದವರ ಗಂಟಿಗೆ ಸೇರಿತು.

1799ರ ಬಳಿಕ ಕಾಳಗ ನಿಂತಿತು, ಅದರ ಬಾಬ್ತು ನಿಲ್ಲಲಿಲ್ಲ. ಮೈಸೂರು ಅರಸರು ಕಂಪನಿಯ ಸೈನ್ಯದ ವೆಚ್ಚಕ್ಕಾಗಿ ವರ್ಷಕ್ಕೆ ಏಳು ಲಕ್ಷ ವರಾಹ ಕೊಡಬೇಕೆಂದು ಕರಾರಾಯಿತು. ಕಾಲಕ್ರಮದಲ್ಲಿ ಕಂದಾಯ ವಸೂಲಿಯು ‘ಶರ್ತಿ’ಯೆಂಬ ಗುತ್ತಿಗೆಯ ಪದ್ಧತಿಗೆ ಇಳಿಯಿತು, ಇಂತಿಷ್ಟು ಕಟ್ಟುತ್ತೇನೆಂದು ಒಪ್ಪಿದ ಅಮಲ್ದಾರನು ರೈತನಿಂದ ಹಿಂಡಿ ತೆಗೆಯುವುದು ಅದರ ರೀತಿ. 1830ರಲ್ಲಿ ನೆರೆಯ ನಗರ ಸೀಮೆಯಲ್ಲಿ ರೈತರು ದಂಗೆಯೆದ್ದರು. 1831ರಲ್ಲಿ ಆಡಳಿತ ಬ್ರಿಟಿಷರ ಕೈಸೇರಿತು. ಅನಂತರ ಬಂದ ಕಮಿಷನರ್ ಮಾರ್ಕ್ ಕಬ್ಬನ್ ರದ್ದು ಮಾಡಿದ ಸಣ್ಣಪುಟ್ಟ ತೆರಿಗೆಗಳು 769. ಅಷ್ಟು ಬಗೆಯ ತೆರಿಗೆಗಳನ್ನು ತೆತ್ತು ವ್ಯಾಪಾರ ನಡೆಸಿದ ಪೇಟೆಯವರ ಸಹನೆ ದೊಡ್ಡದು!

ಅಮೃತಮಹಲ್ ಹಿಂಡು ಗೆದ್ದವರ ಪಾಲಾಯಿತು. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟುತ್ತ ಈ ಸೀಮೆಯಲ್ಲಿ ದಂಡು ನಡೆಸಿದ ಆರ್ಥರ್ ವೆಲ್ಲೆಸ್ಲಿಯು ಮುಂದೆ ಸ್ಪೇನಿನ ಯುದ್ಧದಲ್ಲೂ ಈ ಎತ್ತುಗಳಿಲ್ಲವಲ್ಲ ಎಂದು ಹಲುಬಿದನೆಂಬ ಪ್ರತೀತಿಯುಂಟು. 1813ರಲ್ಲಿ ಮದ್ರಾಸ್ ಸೇನೆಯ ಸರಬರಾಜು ಇಲಾಖೆ ಹಿಂಡನ್ನು ವಹಿಸಿಕೊಂಡಿತು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಅದನ್ನು ಮಾರಿಬಿಟ್ಟರು. ಒಳ್ಳೆಯ ಎತ್ತುಗಳು ಸಿಗದೆ ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಿದರು. 1882ರಲ್ಲಿ ಮೈಸೂರು ಸರಕಾರಕ್ಕೆ ಬಂದ ಈ ಇಲಾಖೆಯು 1923ರಲ್ಲಿ ಸೈನ್ಯದಿಂದ ಬೇಸಾಯ ಇಲಾಖೆಗೆ ವರ್ಗವಾಯಿತು. ಅಷ್ಟರಲ್ಲಿ ಬೆಂಗಳೂರು-ಹರಿಹರದ ರೈಲುದಾರಿ (1889) ಈ ಸೀಮೆಯ ಸರಕನ್ನೂ ಹೇರೆತ್ತಿನ ಬೆನ್ನಿನಿಂದ ಇಳಿಸಿಕೊಂಡಿತ್ತು. ಎರಡನೆಯ ಮಹಾಯುದ್ಧದ ಆಹಾರಾಭಾವದ ದಿನಗಳಿಂದ ಮೊದಲ್ಗೊಂಡು ಕಾವಲುಗಳು ಒಂದೊಂದಾಗಿ ಸಾಗುವಳಿಗೆ, ಬಡಾವಣೆಗೆ, ಇತರ ಇಲಾಖೆಗಳಿಗೆ ಹೋದವು.

ಉಳಿದ ದೊಡ್ಡ ಕಾವಲುಗಳಲ್ಲಿ ಕೆಲವು ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿದ್ದವು. 2008ರಿಂದೀಚೆಗೆ ಕುದಾಪುರ, ದೊಡ್ಡ ಉಳ್ಳಾರ್ತಿ ಮೊದಲಾದೆಡೆ ಸುಮಾರು ಹತ್ತು ಸಾವಿರ ಎಕರೆ ಹುಲ್ಲುಗಾವಲು ರಕ್ಷಣಾ ಸಂಶೋಧನಾ ಸಂಸ್ಥೆ, ಅಣುಶಕ್ತಿ ಕೇಂದ್ರ, ಬಾಹ್ಯಾಕಾಶ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸೌರವಿದ್ಯುತ್ತಿನ ಒಂದು ಖಾಸಗಿ ಕಂಪನಿಗೆ ಹಂಚಿಕೆಯಾಯಿತು. ರಕ್ಷಣಾ ಸಂಸ್ಥೆಯ ಪಾಲು 4,290 ಎಕರೆ. ದಂಡು, ದೊರೆತನ, ವಾಣಿಜ್ಯ ಮೂರೂ ಮತ್ತೆ ಅದೇ ಹುಲ್ಲಿನ ಮೇಲೆ ಸೇರಿದವು. ಈ ಸಲ ಎತ್ತು ಮಾತ್ರ ಬೇಕಾಗಲಿಲ್ಲ. ಕುರಿ-ದನ ಮೇಯಿಸಿ, ಕಂಬಳಿ ನೇಯ್ದು ಬದುಕುತ್ತಿದ್ದ ಹಳ್ಳಿಗರಿಗೆ ವಿಷಯ ತಿಳಿದದ್ದು ಗೋಡೆ ಏಳಲಾರಂಭಿಸಿದಾಗ.

ನಾಡನ್ನು ಕಾಯಲು ಮಾಡುವ ವಿರೋಧಿ ಹಿಂಸೆ ಗೃಹಸ್ಥನಿಗೆ ಪೂರ್ಣವಾಗಿ ನಿಷಿದ್ಧವಲ್ಲ. ಚಾವುಂಡರಾಯನಂತಹ ಸೇನಾನಿಯನ್ನು ಗೌರವಿಸಿದ ಸಮಾಜಕ್ಕೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದಕಾರಣ ರಕ್ಷಣಾ ಸಂಸ್ಥೆಗೆ ನೆಲ ಬೇಕೆಂಬುದರಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಆದರೆ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ, ಎಂದರೆ ಪ್ರಾಣಿಗಳ ಮೇವು-ನೀರನ್ನು ತಡೆಯುವುದು. ಅಣುಶಕ್ತಿಗಾಗಲಿ ಸೌರಶಕ್ತಿಗಾಗಲಿ ಬೇಲಿ ಹಾಕುವ ಮೊದಲು ಆ ಮೇವನ್ನು ತಿನ್ನುತ್ತಿದ್ದ ಹಿಂಡು ಎಲ್ಲಿಗೆ ಹೋಗಬೇಕೆಂದು ಕೇಳುವುದು ಅಧಿಕಾರಿಯ ಕೆಲಸವೂ ಹೌದು, ಹೂಡಿಕೆದಾರನ ಕೆಲಸವೂ ಹೌದು. ಹಳ್ಳಿಗರ ಪರವಾಗಿ 2013ರ ಸುಮಾರಿಗೆ ಹಸಿರು ನ್ಯಾಯಮಂಡಳಿಯ ಮುಂದೆ ಹೋದ ದೂರಿನ ತಿರುಳೂ ಇದೇ ಆಗಿತ್ತು.

2017ರ ಮೇ 28ರಂದು ಅಲ್ಲಿ ವೈಮಾನಿಕ ಪರೀಕ್ಷಾ ಕ್ಷೇತ್ರ ಉದ್ಘಾಟನೆಯಾಯಿತು. ಈಗ ಆಳಿಲ್ಲದೆ ಹಾರುವ ವಿಮಾನಗಳು ಅಲ್ಲಿಂದ ಮೇಲೇರುತ್ತವೆ. ಅಮೃತಮಹಲ್ ತಳಿಯ ಹಿಂಡು ಹೊಸದುರ್ಗಕ್ಕೆ ಸಮೀಪದ ಅಜ್ಜಂಪುರದ ಸರಕಾರಿ ಕೇಂದ್ರದಲ್ಲಿ ಉಳಿದುಕೊಂಡಿದೆ.