ಎಪ್ಪತ್ತೆಂಟರ ಹಾಡುಗಳು

ಪೀಣ್ಯದ ಹಳಬರ ಮುಂದೆ 1978 ಅಂದರೆ ಒಬ್ಬೊಬ್ಬರಿಗೆ ಒಂದೊಂದು ನೆನಪಾಗುತ್ತದೆ. ಪೀಣ್ಯ ಕೈಗಾರಿಕೆಗಳ ಸಂಘ ಕಟ್ಟಿದ ವರ್ಷ ಅನ್ನುವವರು ಮಾಲೀಕರು. ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ಬಂದು ವೀರೇಂದ್ರ ಪಾಟೀಲರ ಎದುರು ಗೆದ್ದ ವರ್ಷ ಅನ್ನುವವರು ಯೂನಿಯನ್ನಿನವರು. ರಾಜಕುಮಾರ್ ‘ಶಂಕರ್ ಗುರು’ವಿನಲ್ಲಿ ಮೂರು ಪಾತ್ರ ಮಾಡಿದ ವರ್ಷ ಅನ್ನುವವರು ಉಳಿದವರೆಲ್ಲ. ನನ್ನ ಲೆಕ್ಕದಲ್ಲಿ ಅದು ಹಳ್ಳಿ ಹಾಡು ಗೆದ್ದ ವರ್ಷ. ಹಳ್ಳಿ ಬಿಟ್ಟು ಬಂದವರ ಕಿವಿಗೆ ಹಳ್ಳಿ ಹಾಡು ಹೊಸ ವೇಷ ತೊಟ್ಟು ಬಂದು ಬಿದ್ದದ್ದು ಆಗಲೇ.

ನಾನು ಕುಣಿಗಲ್ ಕಡೆಯವನು. ಟರ್ನರ್ ಟ್ರೇಡಿನ ಸರ್ಟಿಫಿಕೇಟು ಹಿಡಿದು ತುಮಕೂರು ರಸ್ತೆಯಲ್ಲಿ ಬಸ್ಸಿಳಿದಾಗ ಪೀಣ್ಯದಲ್ಲಿ ಶೆಡ್ಡುಗಳಿಗಿಂತ ಖಾಲಿ ನಿವೇಶನಗಳೇ ಜಾಸ್ತಿ. ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಬಿಇಎಲ್ ಐವತ್ತರ ದಶಕದಿಂದಲೇ ಇದ್ದವು. ಅವುಗಳಿಗೆ ಬೇಕಾದ ನಟ್ಟು, ಬುಷ್ಷು, ಪಿನ್ನು ತಿರುವಿ ಕೊಡುವ ಸಣ್ಣ ಸಣ್ಣ ವರ್ಕ್‌ಶಾಪುಗಳು ಪಕ್ಕದಲ್ಲೇ ಏಳುತ್ತಿದ್ದವು. ಊರಿನ ಆ ತುದಿಯಲ್ಲಿ, ಕೋನಪ್ಪನ ಅಗ್ರಹಾರದ ಹತ್ತಿರ, ಕಿಯೋನಿಕ್ಸಿನ ಆರ್.ಕೆ. ಬಾಳಿಗರು 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ನೆಲ ಹದ ಮಾಡುತ್ತಿದ್ದ ಕಾಲವೂ ಅದೇ. ನಮಗೆ ಅದು ಬೇರೆ ದೇಶದ ಸುದ್ದಿಯ ಹಾಗೆ ಕೇಳುತ್ತಿತ್ತು.

ಆ ವರ್ಷದ ಹಾಡುಗಳ ಪೈಕಿ ಮೊದಲು ‘ಕಾಡು ಕುದುರೆ’ಯ ಮಾತು. ಚಂದ್ರಶೇಖರ ಕಂಬಾರರು ತಾವೇ ನಿರ್ದೇಶಿಸಿದ ಚಿತ್ರ. ಅದರ ಹೆಸರಿನ ಹಾಡನ್ನು ಹಾಡಿದವರು ಶಿವಮೊಗ್ಗ ಸುಬ್ಬಣ್ಣ. 1978ರ ಚಿತ್ರಗಳಿಗೆ ಕೊಟ್ಟ ರಾಷ್ಟ್ರಪ್ರಶಸ್ತಿಯಲ್ಲಿ ಶ್ರೇಷ್ಠ ಹಿನ್ನೆಲೆ ಗಾಯಕ ಪ್ರಶಸ್ತಿ ಅವರಿಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗರು ಅವರೇ. ಚಿತ್ರ ನೋಡಿದವರು ನಮ್ಮ ಶೆಡ್ಡಿನಲ್ಲಿ ಒಬ್ಬರೂ ಇರಲಿಲ್ಲ, ಹಾಡು ಗೊತ್ತಿಲ್ಲದವರೂ ಇರಲಿಲ್ಲ. ರೇಡಿಯೋದಲ್ಲಿ ಸುಬ್ಬಣ್ಣನವರ ದನಿ ಎದ್ದಿತೆಂದರೆ ಟೀ ಅಂಗಡಿಯವನು ಸ್ಟವ್ ಸಣ್ಣ ಮಾಡುತ್ತಿದ್ದ. ಸಿನಿಮಾ ಹಾಡಿನ ನಯ ಅದರಲ್ಲಿಲ್ಲ. ಬಯಲಲ್ಲಿ ನಿಂತು ದೂರದವನನ್ನು ಕೂಗಿ ಕರೆಯುವ ಗಂಟಲು ಅದು. ನಮ್ಮೂರಲ್ಲಿ ದನ ಅಟ್ಟುವವರಿಗೆಲ್ಲ ಅಂಥ ಗಂಟಲು ಇತ್ತು, ಆದರೆ ದೆಹಲಿಯವರು ಕರೆದು ಪದಕ ಕೊಡುತ್ತಾರೆ ಅಂತ ಯಾರಿಗೆ ತಾನೇ ಗೊತ್ತಿತ್ತು.

ಎರಡನೆಯದು ‘ಪರಸಂಗದ ಗೆಂಡೆತಿಮ್ಮ’. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಮಾರುತಿ ಶಿವರಾಂ ನಿರ್ದೇಶನ, ಲೋಕೇಶ್ ನಾಯಕ. ಪಟ್ಟಣದ ಸೋಪು, ಸ್ನೋ, ಪೌಡರನ್ನು ಹೊತ್ತು ಹಳ್ಳಿಗೆ ಮಾರುವ ತಿಮ್ಮನ ಕಥೆ. ಹಾಡು ಬರೆದವರು ದೊಡ್ಡರಂಗೇಗೌಡರು, ಮಧುಗಿರಿ ತಾಲ್ಲೂಕಿನವರು, ಅಂದರೆ ನಮ್ಮ ಜಿಲ್ಲೆಯವರೇ. ರಾಜನ್-ನಾಗೇಂದ್ರರಂಥ ಸಿನಿಮಾದ ಪಳಗಿದ ಕೈ ರಾಗ ಹಾಕಿದೆ. ಹೊತ್ತು ಮೂಡುವುದನ್ನು ಹೇಳುವ ಅದರ ಹಾಡನ್ನು ಮೊದಲ ಸಲ ಕೇಳಿದಾಗ ನನಗೆ ಸ್ವಲ್ಪ ನಾಚಿಕೆಯೇ ಆಯಿತು. ಸೂಪರ್‌ವೈಸರ್ ಎದುರು ಬಾಯಿ ತಪ್ಪಿ ಬಂದರೆ ನಾನು ನುಂಗಿಕೊಳ್ಳುತ್ತಿದ್ದ ನಮ್ಮ ಹಟ್ಟಿ ಮಾತು ರೇಡಿಯೋದಲ್ಲಿ ರಾಗವಾಗಿ ಬರುತ್ತಿತ್ತು. ಆಮೇಲೆ ನಾನು ನುಂಗಿಕೊಳ್ಳುವುದನ್ನು ಬಿಟ್ಟೆ ಅಂತೇನೂ ಹೇಳಲಾರೆ. ಜೊತೆಯವರ ಹತ್ತಿರ ಮಾತ್ರ ಧಾರಾಳವಾಗಿ ಬಿಟ್ಟೆ.

ಮೂರನೆಯದು ಸಿನಿಮಾದ್ದಲ್ಲ. ಕೆ.ಎಸ್. ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಆ ವರ್ಷ ಕ್ಯಾಸೆಟ್ಟಾಗಿ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅದು. ಹಳ್ಳಿ ಹಾಡಲ್ಲ ನಿಜ. ಆದರೆ ಅದು ತೆರೆದ ದಾರಿಯಲ್ಲೇ ಮುಂದೆ ಶರೀಫರ ಪದ, ಮಾದಪ್ಪನ ಪದ, ಲಾವಣಿ, ಸೋಬಾನೆ ಎಲ್ಲ ಡಬ್ಬಿ ಸೇರಿ ಬಂದವು. ಅಲ್ಲಿಯವರೆಗೆ ಹಾಡು ನಮಗೆ ಬೇಕಾದಾಗ ಸಿಗುತ್ತಿರಲಿಲ್ಲ, ರೇಡಿಯೋದವರಿಗೆ ಬೇಕಾದಾಗ ಸಿಗುತ್ತಿತ್ತು. ದಾಸರಹಳ್ಳಿಯ ವಠಾರದಲ್ಲಿ ಟೇಪ್ ರೆಕಾರ್ಡರ್ ಇದ್ದದ್ದು ಒಂದೇ ಮನೆಯಲ್ಲಿ, ಅವರ ಭಾವಮೈದುನ ದುಬೈಯಿಂದ ತಂದದ್ದು. ಭಾನುವಾರ ಅವರ ಕಿಟಕಿ ಕೆಳಗೆ ಬಟ್ಟೆ ಒಗೆಯುವುದಕ್ಕೆ ಪೈಪೋಟಿ.

ಇದೇ ವರ್ಷ ರಾಜಕುಮಾರ್ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಇಂಗ್ಲಿಷ್ ಹಾಡು ಹಾಡಿದರು, ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ. ಮೇಷ್ಟ್ರುಗಳು ಹಟ್ಟಿ ಭಾಷೆಯಲ್ಲಿ ಹಾಡು ಬರೆಯುತ್ತಿದ್ದಾಗ ಗಾಜನೂರಿನ ಮುತ್ತುರಾಜ ಇಂಗ್ಲಿಷಿನಲ್ಲಿ ಹಾಡುತ್ತಿದ್ದ! ನಮ್ಮ ಶೆಡ್ಡಿನಲ್ಲಿ ಅತಿ ಹೆಚ್ಚು ಗುನುಗಿದ್ದು ಯಾವುದು ಅಂತ ಪ್ರಾಮಾಣಿಕವಾಗಿ ಹೇಳಬೇಕೆಂದರೆ ಆ ಇಂಗ್ಲಿಷ್ ಹಾಡೇ. ಅರ್ಥ ಕೇಳಿದವರು ಯಾರೂ ಇಲ್ಲ.

ಈ ಹಳ್ಳಿ ಹಾಡುಗಳನ್ನು ಕಟ್ಟಿದವರ ಕಸುಬು ನೋಡಿ. ಸುಬ್ಬಣ್ಣ ವಕೀಲರು. ಕಂಬಾರರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದವರು, ಹುಟ್ಟಿದ್ದು ಘೋಡಗೇರಿಯ ಕಮ್ಮಾರರ ಮನೆಯಲ್ಲಿ. ದೊಡ್ಡರಂಗೇಗೌಡರು ಬೆಂಗಳೂರಿನ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ನಿಸಾರ್ ಅಹಮದ್ ಭೂವಿಜ್ಞಾನದ ಮೇಷ್ಟ್ರು. ಅದರ ಹಿಂದಿನ ವರ್ಷ ‘ಕಾಕನಕೋಟೆ’ ಚಿತ್ರಕ್ಕೆ ಕಾಡಿನ ಹಾಡುಗಳ ರಾಗ ಹಾಕಿ ಎಲ್ಲರ ಕಣ್ಣು ತೆರೆಸಿದ ಸಿ. ಅಶ್ವಥ್ ಅಂತೂ ನಮ್ಮವರೇ, ದೂರವಾಣಿನಗರದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ನೌಕರರು. ಅಲ್ಲಿ 27 ವರ್ಷ ದುಡಿದು 1992ರಲ್ಲಿ ಹೊರಬಂದರು. ಸಂತ ಶಿಶುನಾಳ ಶರೀಫರನ್ನು ಧಾರವಾಡದ ಆಚೆಯಿಂದ ಬೆಂಗಳೂರಿನ ಮನೆ ಮನೆಗೆ ಮುಟ್ಟಿಸಿದ ದನಿ ದಿನಾ ಬೆಳಿಗ್ಗೆ ಕಾರ್ಖಾನೆಯ ಹಾಜರಿಗೆ ಹೋಗುತ್ತಿತ್ತು. ಎಲ್ಲರೂ ತಿಂಗಳ ಸಂಬಳದವರು, ಇಲ್ಲವೇ ಫೀಸಿನವರು. ನೇಗಿಲು ಹಿಡಿದವರು ಈ ಪಟ್ಟಿಯಲ್ಲಿ ಇಲ್ಲ.

ನಮ್ಮಲ್ಲಿ ಮಾತ್ರ ಹೀಗೆ ಅಂದುಕೊಂಡಿದ್ದೆ. ನಮ್ಮ ಟೂಲ್‌ರೂಮಿನ ಫೋರ್‌ಮನ್ ವೈಟ್‌ಫೀಲ್ಡಿನ ಆಂಗ್ಲೋ-ಇಂಡಿಯನ್. ಚಾಮರಾಜೇಂದ್ರ ಒಡೆಯರು ಕೊಟ್ಟ ನೆಲದಲ್ಲಿ ಡಿ.ಎಸ್. ವೈಟ್ ಎಂಬವರು 1882ರಲ್ಲಿ ಶುರುಮಾಡಿದ ಊರು ಅದು. ಹೊಲ ಮಾಡಿಕೊಂಡು ಇರಲಿ ಅಂತ ಆಂಗ್ಲೋ-ಇಂಡಿಯನ್ ಮನೆತನಗಳಿಗೆ ಹಂಚಿದ್ದು. ಇವತ್ತು ಅಲ್ಲಿ ಗಾಜಿನ ಕಟ್ಟಡಗಳನ್ನು ನೋಡುವವರಿಗೆ ಹೇಳಿದರೆ ನಂಬುವುದಿಲ್ಲ. ನಮ್ಮ ಫೋರ್‌ಮನ್ ಗೇಜು ಹಿಡಿದು ಅಳತೆ ನೋಡುವಾಗಲೂ ಜಿಮ್ ರೀವ್ಸನ ಹಾಡು ಗುನುಗುತ್ತಿದ್ದರು. ಕ್ರಿಸ್‌ಮಸ್ಸಿಗೆ ಗಿಟಾರು ತಂದು ನಮ್ಮೆದುರು ಬಾರಿಸಿದರು. “ಇದೇನು ಸಾರ್, ಚರ್ಚಿನ ಹಾಡಾ?” ಅಂತ ಕೇಳಿದೆ. “ಅಲ್ಲ ಕಣಯ್ಯ, ಇದು ಅಮೆರಿಕದ ನಿಮ್ಮ ಕುಣಿಗಲ್ಲು” ಅಂದರು. ಕುದುರೆ, ರೈಲು, ಅಮ್ಮ, ಊರು ಬಿಟ್ಟವನ ಸಂಕಟ, ಇಷ್ಟೇ ಅದರಲ್ಲಿ ಇರುವುದು ಅಂತಲೂ ಹೇಳಿದರು.

1978ರಲ್ಲೇ ಆ ಅಮೆರಿಕದ ಕುಣಿಗಲ್ಲಿನಲ್ಲಿ ಕೆನ್ನಿ ರೋಜರ್ಸ್ ಹಾಡಿದ ‘ದಿ ಗ್ಯಾಂಬ್ಲರ್’ ಬಂತು. ರೈಲಿನಲ್ಲಿ ಸಿಕ್ಕ ಮುದುಕ ಜೂಜುಕೋರನೊಬ್ಬ ಬದುಕಿನ ಲೆಕ್ಕ ಹೇಳಿಕೊಡುವ ಹಾಡು. ಬರೆದವನು ಡಾನ್ ಶ್ಲಿಟ್ಜ್, ಆಗ ನ್ಯಾಶ್‌ವಿಲ್ಲಿನ ವ್ಯಾಂಡರ್ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಆಪರೇಟರ್ ಆಗಿ ನೈಟ್ ಶಿಫ್ಟ್ ಮಾಡುತ್ತಿದ್ದ ಹುಡುಗ. ಇದನ್ನು ನಾನು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದೆ. ರಾತ್ರಿ ಪಾಳಿ ಮಾಡಿಕೊಂಡೇ ಜೂಜುಕೋರನ ಹಾಡು ಕಟ್ಟಿದವನ ಮೇಲೆ ನನಗೆ ಒಂದು ಥರ ದಾಯಾದಿ ಪ್ರೀತಿ. ಎಲೆಕ್ಟ್ರಾನಿಕ್ಸ್ ಸಿಟಿಯ ಹುಡುಗರು ಅದನ್ನೇ ಮಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಹಾಗಾದರೆ ನೇಗಿಲು ಬಿಟ್ಟು ಬಂದ ನಾವು ಯಾಕೆ ಹಾಡಲಿಲ್ಲ? ನನ್ನ ಅಜ್ಜಿ ಕೋಳಿ ಕೂಗುವ ಮೊದಲೇ ಎದ್ದು ರಾಗಿ ಬೀಸುತ್ತಿದ್ದಳು. ಕಲ್ಲಿನ ಗೂಟ ಒಂದು ಸುತ್ತು ಬರುವಷ್ಟರಲ್ಲಿ ಪದದ ಒಂದು ಸಾಲು ಮುಗಿಯುತ್ತಿತ್ತು. ಕೈ ಸೋತರೆ ಪದ ನಿಧಾನವಾಗುತ್ತಿತ್ತು, ಪದ ಬಿರುಸಾದರೆ ಕೈಯೂ ಬಿರುಸು. ತವರು, ಅಣ್ಣ, ಅತ್ತೆಯ ಮಾತು, ಕಲ್ಲಿನ ಮೇಲೇ ಒಂದಿಷ್ಟು ಭಕ್ತಿ. ಊರಿಗೆ ಕರೆಂಟು ಬಂತು, ಹಿಂದೆಯೇ ಹಿಟ್ಟಿನ ಮಿಲ್ಲು ಬಂತು. ಅಜ್ಜಿ ಕಲ್ಲನ್ನು ಮೂಲೆಗೆ ನೂಕಿದಳು. ಅವಳಿಗೆ ಬೇಜಾರೇನೂ ಆಗಲಿಲ್ಲ. ರಟ್ಟೆ ಉಳಿಯಿತು ಅಂತ ಖುಷಿಯಾಗೇ ಇದ್ದಳು. ಹಳೆಯ ಹಾಡು ಹೋಯಿತೆಂದು ಮರುಗುವವರು ಒಂದು ಸೇರು ರಾಗಿಯನ್ನಾದರೂ ಬೀಸಿ ನೋಡಬೇಕು. ಆದರೆ ಕಲ್ಲಿಲ್ಲದೆ ಕೂತು ಹಾಡು ಅಂದರೆ ಅವಳಿಗೆ ಎರಡನೇ ಸಾಲು ನೆನಪಾಗುತ್ತಿರಲಿಲ್ಲ. ಪದ ಬಾಯಲ್ಲಿ ಇದ್ದಷ್ಟೇ ತೋಳಲ್ಲೂ ಇತ್ತು.

ರಾಗಿಕಲ್ಲೂ ತಿರುಗುತ್ತದೆ, ಲೇತಿನ ಚಕ್ಕೂ ತಿರುಗುತ್ತದೆ. ಆದರೆ ಲೇತಿನ ಮುಂದೆ ನಿಂತವನಿಗೆ ಹಾಡಲು ಬರುವುದಿಲ್ಲ. ಗದ್ದಲ ಒಂದು ಕಾರಣ, ಕಿವಿಗೆ ಬಿಡುವಿಲ್ಲದ್ದು ದೊಡ್ಡ ಕಾರಣ. ರಾಡಿಗೆ ಟೂಲು ಸರಿಯಾಗಿ ಕಚ್ಚಿದರೆ ಒಂದೇ ಸಮ ಸುಯ್ಯೆನ್ನುತ್ತದೆ, ಸುರುಳಿ ಸುರುಳಿಯಾಗಿ ಚೂರು ಬೀಳುತ್ತದೆ. ಮೊನೆ ಮೊಂಡಾದರೆ ಕಿರುಗುಟ್ಟುತ್ತದೆ. ಚಕ್ಕಿನ ಹಿಡಿತ ಸಡಿಲವಾದರೆ ಗಡಗಡ ಅದುರುತ್ತದೆ, ಆಗ ತಕ್ಷಣ ಹಿಂದಕ್ಕೆ ತೆಗೆಯದಿದ್ದರೆ ಜಾಬು ಹಾಳು, ಕೆಲವೊಮ್ಮೆ ಬೆರಳೂ ಹಾಳು. ಹಾಲಿನ ಬಣ್ಣದ ಕೂಲೆಂಟು ಸುರಿಯುತ್ತಿರುತ್ತದೆ, ಹೊಗೆ ಕಂಡರೆ ಅದಕ್ಕೂ ಕಣ್ಣು. ಕೆಲಸದ ವೇಗವನ್ನು ಗೇರು ನಿರ್ಧರಿಸುತ್ತದೆ, ನಮ್ಮ ಉಸಿರಲ್ಲ. ನಾಟಿ ಹಾಕುವಾಗ ಹತ್ತು ಹೆಂಗಸರು ಒಂದೇ ದನಿಯಲ್ಲಿ ಹಾಡುತ್ತಿದ್ದ ಊರಿನಿಂದ ಬಂದ ನಾನು ಎಂಟು ಗಂಟೆ ಬಾಯಿ ಮುಚ್ಚಿ ನಿಲ್ಲುವುದನ್ನು ಇಲ್ಲಿ ಕಲಿತೆ. ಹೀಗೆ ಬಾಯಿ ಕಟ್ಟಿದವರಿಗೇ ಹಳ್ಳಿ ಹಾಡಿನ ಕ್ಯಾಸೆಟ್ಟು ಬೇಕಾದದ್ದು. ಊರಲ್ಲೇ ಉಳಿದ ನನ್ನ ಅಣ್ಣ ಒಂದು ಕ್ಯಾಸೆಟ್ಟನ್ನೂ ಕೊಳ್ಳಲಿಲ್ಲ.

ಬಾಯಿ ಬಿಟ್ಟು ಹೋದ ಪದಗಳನ್ನು ಹಿಡಿದಿಡುವ ಕೆಲಸ ಬಹಳ ಹಿಂದೆಯೇ ಶುರುವಾಗಿತ್ತು. ಹಲಸಂಗಿಯ ಗೆಳೆಯರು 1931ರಲ್ಲೇ ‘ಗರತಿಯ ಹಾಡು’ ಅಚ್ಚು ಹಾಕಿಸಿದ್ದರು. ನಮ್ಮ ಕಡೆ ಎಚ್.ಎಲ್. ನಾಗೇಗೌಡರು ಸರ್ಕಾರಿ ಅಧಿಕಾರಿಯಾಗಿದ್ದಾಗಲೇ ಪದ ಕೂಡಿಸುವ ಹುಚ್ಚು ಹತ್ತಿಸಿಕೊಂಡವರು. 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ತೆರೆದರು. ಮೊಮ್ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ರಾಗಿಕಲ್ಲನ್ನು ನೋಡಿ ಇದು ಯಾವ ಮೆಷೀನು ತಾತ ಅಂತ ಕೇಳಿದರು. ಸರಿಯಾದ ಪ್ರಶ್ನೆಯೇ.

ಪೀಣ್ಯದಲ್ಲಿ ಹಾಡಿಗೆ ಬಾಗಿಲು ತೆರೆಯುತ್ತಿದ್ದದ್ದು ಆಯುಧಪೂಜೆಯ ದಿನ. ಹಿಂದಿನ ದಿನವೇ ಮೆಷೀನುಗಳಿಗೆ ಸೀಮೆಎಣ್ಣೆ ಹಾಕಿ ತಿಕ್ಕಿ, ಜಿಡ್ಡು ಒರೆಸಿ, ವಿಭೂತಿ ಬಳಿದು, ಬಾಳೆಕಂದು ಕಟ್ಟುತ್ತಿದ್ದೆವು. ಮೈಕ್‌ಸೆಟ್ಟಿನವನು ಬೆಳಿಗ್ಗೆಯೇ ಬಂದು ಶೆಡ್ಡಿನ ಮೇಲೆ ಹಾರ್ನು ಕಟ್ಟಿ, ಹಾಡಿನ ಪ್ಲೇಟು ಹಾಕುತ್ತಿದ್ದ. ಮೊದಲ ಪ್ಲೇಟು ಗಣಪತಿಯದು, ಎರಡನೆಯದು ರಾಜಕುಮಾರರದು, ಇದರಲ್ಲಿ ತಕರಾರಿಲ್ಲ. ಮೂರನೆಯದಕ್ಕೆ ಜಗಳ. ಮಂಡ್ಯದವನಿಗೆ ಮಾದಪ್ಪ ಬೇಕು, ಹುಬ್ಬಳ್ಳಿಯವನಿಗೆ ಶರೀಫ, ತಮಿಳಿನ ವೆಲ್ಡರಿಗೆ ಇಳಯರಾಜ. ಕುಂಬಳಕಾಯಿ ಒಡೆದು, ಕಡಲೆಪುರಿ ಹಂಚಿ, ಲೇತು ನಿಂತ ಆ ಒಂದು ದಿನ ಮಾತ್ರ ನಮ್ಮ ಬಾಯಿಗೆ ರಜೆ ಇರುತ್ತಿರಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂತು. 1996ರಲ್ಲಿ ಅವರದೇ ‘ಜನುಮದ ಜೋಡಿ’, ಗುಜರಾತಿಯ ಪನ್ನಾಲಾಲ್ ಪಟೇಲರ ಕಾದಂಬರಿ ನಮ್ಮ ಸೀಮೆಯ ಜಂಗಮರ ಹಾಡು ತೊಟ್ಟು ಬಂದದ್ದು. ವಿ. ಮನೋಹರ್ ಸಂಗೀತ, ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ. ಆ ವರ್ಷದ ಹೊತ್ತಿಗೆ ಪೀಣ್ಯದ ಆಟೋಗಳಿಗೆಲ್ಲ ಟೇಪು ಬಂದಿತ್ತು. 2005ರಲ್ಲಿ ‘ಜೋಗಿ’. ಅದರ ಹಾಡುಗಳಲ್ಲಿ ಜಾನಪದ ಎಷ್ಟು, ಕೀಬೋರ್ಡು ಎಷ್ಟು ಅಂತ ನಮ್ಮ ಟೀ ಅಂಗಡಿಯಲ್ಲಿ ದೊಡ್ಡ ಚರ್ಚೆ ಆಯಿತು. ಚರ್ಚೆ ಮಾಡಿದವರ ಮಕ್ಕಳು ಅದಕ್ಕೇ ಕುಣಿದರು.

ಈಗ ಲಗ್ಗೆರೆ, ರಾಜಗೋಪಾಲನಗರದ ಕಡೆ ರಾಯಚೂರು, ಯಾದಗಿರಿಯ ಹುಡುಗರು ತುಂಬಿದ್ದಾರೆ. ಅವರ ಫೋನುಗಳಲ್ಲಿ ಡಿಜೆ ಹಾಕಿದ ಉತ್ತರ ಕರ್ನಾಟಕದ ಜಾನಪದ. ಎದೆಗೆ ಗುದ್ದಿದ ಹಾಗೆ ತಾಳ, ಮೇಲೆ ಒರಟು ದನಿ. ನನ್ನ ವಯಸ್ಸಿನವರಿಗೆ ಅದು ಕೆಟ್ಟು ಹೋದ ಜಾನಪದ. ನಾನು ಒಪ್ಪುವುದಿಲ್ಲ. ವಕೀಲರೂ ಮೇಷ್ಟ್ರೂ ಇಲ್ಲದೆ, ದುಡಿಯಲು ಹೋದವರೇ ಕಟ್ಟಿ ಹಾಡಿದ್ದು ಅದರಲ್ಲಿ ಎಷ್ಟೋ ಇದೆ. ಕೆಲವು ಪೋಲಿ ಇವೆ, ಇರಲಿ, ನಮ್ಮೂರ ಕೋಲಾಟದ ಪದಗಳೇನು ಕಡಿಮೆ ಪೋಲಿಯೇ.

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಬಡಾವಣೆಯ ಸಂಘದಲ್ಲಿ ಇದೇ ಜಗಳ. ಹಳಬರು ಪಟ್ಟಿ ಮಾಡಿಟ್ಟಿದ್ದರು, ‘ನಿತ್ಯೋತ್ಸವ’ದಿಂದ ಶುರು. ಯಾದಗಿರಿ ಕಡೆಯ ಪ್ರೆಸ್ ಆಪರೇಟರ್ ಹುಡುಗನೊಬ್ಬ ತನಗೂ ಎರಡು ಹಾಡಿಗೆ ಅವಕಾಶ ಕೊಡಿ ಅಂತ ಬಂದ. ಕಾರ್ಯದರ್ಶಿ “ಯಾವ ಕವಿಯದಪ್ಪಾ?” ಅಂದರು. “ನಮ್ದ ರೀ” ಅಂದ. ಒಂದು ಕೊಟ್ಟೆವು. ಹುಡುಗರು ಕುರ್ಚಿ ಸರಿಸಿ ಕುಣಿದು, ಇನ್ನೊಂದು ಇನ್ನೊಂದು ಅಂತ ನಾಲ್ಕು ಹಾಡಿಸಿದರು. ಹತ್ತು ಗಂಟೆಗೆ ಬೀಟ್ ಪೊಲೀಸಿನವರು ಬಂದು ಮೈಕ್ ನಿಲ್ಲಿಸಿ ಅಂದಾಗ ಪಟ್ಟಿಯಲ್ಲಿ ಇನ್ನೂ ಮೂರು ಹಾಡು ಉಳಿದಿದ್ದವು. ಅದರಲ್ಲಿ ‘ಕಾಡು ಕುದುರೆ’ ನನ್ನ ಪಾಲಿನದು. ಈ ಸಲ ಪಟ್ಟಿಯಲ್ಲಿ ನನ್ನನ್ನು ಆ ಹುಡುಗನಿಗಿಂತ ಮುಂಚೆ ಹಾಕಿ ಅಂತ ಕಾರ್ಯದರ್ಶಿಗೆ ಹೇಳಿಟ್ಟಿದ್ದೇನೆ.