ಆಟದ ವಿಮಾನದ ಒಡಲಲ್ಲಿರುವ ಇತಿಹಾಸ

ರೇಡಿಯೊ ಅಲೆಗಳಿಂದ ದೂರದಲ್ಲಿ ನಿಂತೇ ನಡೆಸುವ ದೋಣಿ, ಕಾರು, ವಿಮಾನಗಳ ಮಾದರಿಗಳನ್ನು ನಾವು ಕೇವಲ ಆಟಿಕೆಗಳೆಂದು ಭಾವಿಸುವುದುಂಟು. ಆದರೆ ಅವುಗಳ ಒಡಲಲ್ಲಿರುವ ಬ್ಯಾಟರಿಗೆ ದೀರ್ಘವಾದ ಇತಿಹಾಸವಿದೆ. ಅದನ್ನು ಅರಿಯದೆ ಚಾರ್ಜ್ ಮಾಡಹೊರಟರೆ ಮನೆಗೇ ಬೆಂಕಿ ತಗುಲಬಹುದು.

1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರೇಡಿಯೊ ನಿಯಂತ್ರಿತ ದೋಣಿಯೊಂದನ್ನು ಪ್ರದರ್ಶಿಸಿದನು. ಅದು ನಡೆದದ್ದು ಬ್ಯಾಟರಿಯ ಬಲದಿಂದ. ಮರಳಿ ಮರಳಿ ಚಾರ್ಜ್ ಮಾಡಬಲ್ಲ ಸೀಸ-ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿಯೇ ರೂಪಿಸಿದ್ದನು. ನೀರು ಇಂತಹ ಭಾರವನ್ನು ಹೊರುತ್ತದೆ, ಗಾಳಿ ಹೊರಲಾರದು. ಆದುದರಿಂದ ವಿದ್ಯುತ್ ಮೋಟಾರಿನ ಮಾದರಿ ವಿಮಾನವು ರೇಡಿಯೊ ನಿಯಂತ್ರಣದಲ್ಲಿ ಹಾರಿದ, ಅಧಿಕೃತವಾಗಿ ದಾಖಲಾದ ಮೊದಲ ಘಟನೆಗೆ 1957ರ ಜೂನ್ 30ರವರೆಗೆ ಕಾಯಬೇಕಾಯಿತು. ಅಂದು ಇಂಗ್ಲೆಂಡಿನ ಕರ್ನಲ್ ಎಚ್. ಜೆ. ಟ್ಯಾಪ್ಲಿನ್ ಅವರ 'ರೇಡಿಯೊ ಕ್ವೀನ್' ವಿಮಾನ ಹಾರಿದ್ದು ಬೆಳ್ಳಿ-ಸತುವಿನ ಬ್ಯಾಟರಿಯಿಂದ. ಅದು ಹಗುರವಾಗಿದ್ದರೂ ದುಬಾರಿ, ಮೇಲಾಗಿ ಅಲ್ಪಾಯುಷಿ.

ಮುಂದೆ ದಶಕಗಳ ಕಾಲ ಹವ್ಯಾಸಿಗಳ ಕೈಹಿಡಿದದ್ದು ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಕಂಡುಹಿಡಿದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಅದು ಸಹನಶೀಲ. ವೇಗವಾಗಿ ಚಾರ್ಜ್ ಮಾಡುವಾಗ ತುಂಬಿದೊಡನೆ ಬಿಸಿಯಾಗುತ್ತದೆ, ಅದರ ವೋಲ್ಟೇಜು ತುಸು ಇಳಿಯುತ್ತದೆ. ಆ ಇಳಿತವನ್ನು ಗುರುತಿಸಿ ಚಾರ್ಜರ್ ತಾನೇ ನಿಲ್ಲುತ್ತದೆ. ತರುವಾಯ ಬಂದ ನಿಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿಯ ಸ್ವಭಾವವೂ ಬಹುಮಟ್ಟಿಗೆ ಇದೇ.

1991ರಲ್ಲಿ ಸೋನಿ ಸಂಸ್ಥೆಯು ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಅದೇ ಕುಲದ ಲಿಥಿಯಂ ಪಾಲಿಮರ್ ಬ್ಯಾಟರಿಯು ಮಾದರಿ ವಿಮಾನಗಳಿಗೆ ಹೊಸ ರೆಕ್ಕೆ ಮೂಡಿಸಿತು. ನಿಕಲ್ ಕೋಶವೊಂದು 1.2 ವೋಲ್ಟ್ ಕೊಟ್ಟರೆ ಇದು 3.7 ವೋಲ್ಟ್ ಕೊಡುತ್ತದೆ, ತೂಕವೂ ಕಡಿಮೆ. ಆದರೆ ತುಂಬಿದಾಗ ವೋಲ್ಟೇಜು ಇಳಿದು ಸೂಚನೆ ಕೊಡುವ ಗುಣ ಇದಕ್ಕಿಲ್ಲ. ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆ ಇಲ್ಲಿ ಅಪಾಯದ ಮಾತಾಗುತ್ತದೆ. ನಿಕಲ್ ಬ್ಯಾಟರಿಯ ಚಾರ್ಜರ್ ಬಾರದ ಸೂಚನೆಗಾಗಿ ಕಾಯುತ್ತ ವಿದ್ಯುತ್ತನ್ನು ತುಂಬುತ್ತಲೇ ಇರುತ್ತದೆ. ಕೋಶವು 4.2 ವೋಲ್ಟಿನ ಮಿತಿಯನ್ನು ಮೀರಿ ಉಬ್ಬುತ್ತದೆ, ಕೊನೆಗೆ ಹೊತ್ತಿ ಉರಿಯಬಹುದು.

ಮೊಮ್ಮಕ್ಕಳಿಗೆ ಇಂತಹ ಮಾದರಿ ಕೊಡಿಸುವ ಹಿರಿಯರು ಇಷ್ಟನ್ನು ಗಮನಿಸಬೇಕು. ಪುಟ್ಟ ಮಕ್ಕಳ ಕಾರಿಗೆ ನಿಕಲ್-ಮೆಟಲ್ ಹೈಡ್ರೈಡ್ ಸಾಕು. ವಿಮಾನಕ್ಕೆ ಲಿಥಿಯಂ ಪಾಲಿಮರ್ ಯುಕ್ತ. ಲಿಥಿಯಂ ಬ್ಯಾಟರಿಗೆ ಅದಕ್ಕೆಂದೇ ಮಾಡಿದ, ಪ್ರತಿ ಕೋಶವನ್ನೂ ಸಮತೋಲನಗೊಳಿಸುವ ಚಾರ್ಜರ್ ಬೇಕು. ಬ್ಯಾಟರಿಯ ಬಗೆಯನ್ನೂ ಕೋಶಗಳ ಸಂಖ್ಯೆಯನ್ನೂ ಅದರಲ್ಲಿ ಸರಿಯಾಗಿ ಆರಿಸಬೇಕು. ತಯಾರಕರು ಬೇರೆ ಹೇಳದಿದ್ದರೆ, 2200 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಗೆ 2.2 ಆಂಪಿಯರ್ ಮೀರದಿರಲಿ. ಹಾರಿಸಿ ತಂದೊಡನೆ ಬಿಸಿಯಿರುವಾಗಲೇ ಚಾರ್ಜ್ ಮಾಡಬಾರದು. ಕಲ್ಲಿನ ನೆಲದ ಮೇಲೆ, ಪರದೆ ಹಾಸಿಗೆಗಳಿಂದ ದೂರವಿಟ್ಟು, ಎದುರಿಗಿದ್ದೇ ಚಾರ್ಜ್ ಮಾಡಬೇಕು. ವಾರಗಟ್ಟಲೆ ಎತ್ತಿಡುವುದಾದರೆ ಪ್ರತಿ ಕೋಶವನ್ನು 3.8 ವೋಲ್ಟಿನ ಆಸುಪಾಸಿನಲ್ಲಿ ಇರಿಸಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಲೇಬಾರದು.

ಬ್ಯಾಟರಿ ಬದಲಾದಾಗಲೆಲ್ಲ ಅದನ್ನು ತುಂಬುವ ಕ್ರಮವೂ ಬದಲಾಗಿದೆ. "ನಮ್ಮ ಕಾಲದಲ್ಲಿ ರಾತ್ರಿಯಿಡೀ ಹಾಕಿಡುತ್ತಿದ್ದೆವು" ಎಂಬ ಮಾತು ಆ ಕಾಲದ ಬ್ಯಾಟರಿಗೆ ಮಾತ್ರ ಸಲ್ಲುತ್ತದೆ.